ಹೋಗುವ ದೂರ, ಬರುವ ದೂರ

ಸರ್ಕಾರ ಕಿಲೋಮೀಟರ್ ಕಲ್ಲುಗಳನ್ನು ಕಿತ್ತು ಹಾಕಿದ ವರ್ಷ ರಾಯಚೂರಿನ ಹೆಂಗಸರಿಗೆ ಬಟ್ಟೆ ಒಗೆಯಲು ಒಳ್ಳೆಯ ಕಲ್ಲುಗಳು ಸಿಕ್ಕವು. ಆ ಕಾಯ್ದೆಯಿಂದ ಊರಿಗೆ ಆದ ಲಾಭ ಅಷ್ಟೇ.

ಅಂತರ ಕಾಯ್ದೆ ಎಂದು ಅದರ ಹೆಸರು. ಎರಡು ಊರುಗಳ ನಡುವೆ ಇರುವುದು ನೆಲವಲ್ಲ, ಹೊತ್ತು ಎಂಬುದು ಅದರ ಸಾರ. ವಿಮಾನ ಎಷ್ಟು ನಿಮಿಷ ಹಾರುತ್ತದೋ ಅಷ್ಟೇ ದೂರ. ಬ್ಯಾಟರಿಯಿಂದ ಹಾರುವ ಸಣ್ಣ ವಿಮಾನಗಳು ಆ ಹೊತ್ತಿಗೆ ಪ್ರತಿ ಜಿಲ್ಲೆಗೂ ಬಂದಿದ್ದವು. ಜನ ಬಸ್ಸಿನಂತೆ ಹತ್ತಿ ಇಳಿಯುತ್ತಿದ್ದರು. ಹಾಗಾಗಿ ಮೊದಮೊದಲು ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ರಾಯಚೂರಿಂದ ಬೆಳಗಾವಿ ಐವತ್ತೊಂದು ನಿಮಿಷ ಎಂದು ಕರಡು ಪಟ್ಟಿಯಲ್ಲಿ ಅಚ್ಚಾದಾಗ, "ನಮ್ಮ ಮನಿಯಿಂದ ಸಂತಿಗೆ ಹೋಗಾಕ ಒಂದು ತಾಸು ಬೇಕು, ಅದಕ್ಕಿಂತ ಬೆಳಗಾವಿನ ಹತ್ರ ಆತಲ್ಲ" ಎಂದು ನಕ್ಕವರೇ ಹೆಚ್ಚು.

ಕಾಯ್ದೆಯ ಏಳನೆಯ ಕಲಮನ್ನು ಆಗ ಯಾರೂ ಓದಿರಲಿಲ್ಲ. ಒಂದು ಗಂಟೆಯೊಳಗೆ ತಲುಪಬಹುದಾದ ಎರಡು ಊರುಗಳನ್ನು ಒಂದೇ ಊರೆಂದು ತಿಳಿಯತಕ್ಕದ್ದು ಎಂದು ಅದರಲ್ಲಿತ್ತು. ಒಂದೇ ಊರಾದ ಮೇಲೆ ಒಂದೇ ಬಗೆಯ ಘಟಕ ಎರಡು ಕಡೆ ಯಾಕೆ?

ಓದಿದ್ದು ಜುಲೈ ತಿಂಗಳಲ್ಲಿ, ಹೆರಿಗೆ ಆಸ್ಪತ್ರೆಯ ಬಾಗಿಲಿಗೆ ನೋಟೀಸು ಅಂಟಿಸಿದಾಗ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಕಾಯುವ ಎಂಟು ತೊಟ್ಟಿಲಿನ ಘಟಕವನ್ನು ಆಗಸ್ಟ್ ಒಂದರಿಂದ ಮುಚ್ಚಲಾಗುವುದು, ಕೂಸುಗಳನ್ನು ಐವತ್ತೊಂದು ನಿಮಿಷ ದೂರದ ಬೆಳಗಾವಿಗೆ ಸಾಗಿಸಲಾಗುವುದು ಎಂದು ಬರೆದಿತ್ತು.

ಎಂಟು ತೊಟ್ಟಿಲುಗಳಲ್ಲಿ ಮೂರನೆಯದರಲ್ಲಿ ಹುಲಿಗೆಮ್ಮನ ಮೊಮ್ಮಗಳಿದ್ದಳು. ಹುಟ್ಟಿ ಒಂಬತ್ತು ದಿನ. ತೂಕ ಒಂದು ಕೆಜಿ ಮುನ್ನೂರು ಗ್ರಾಂ. ಇನ್ನೂ ಹೆಸರಿಟ್ಟಿರಲಿಲ್ಲ.

ಹುಲಿಗೆಮ್ಮ ರಾಯಚೂರು ವಿಮಾನ ನಿಲ್ದಾಣದ ಸಮಯ ಸಾಕ್ಷಿ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವಳು. ಬೋರ್ಡಿನಲ್ಲಿ ಬರೆದ ಹೊತ್ತು ಒಂದು, ಬಸ್ಸು ಬರುವ ಹೊತ್ತು ಇನ್ನೊಂದು ಎಂಬುದು ಆಕೆ ಅಲ್ಲಿ ಕಲಿತ ಮೊದಲ ಪಾಠ. ಈಗಿನ ಕೆಲಸ ಇನ್ನೂ ಸರಳ. ವಿಮಾನದ ಗಾಲಿ ನೆಲ ಬಿಟ್ಟ ಗಳಿಗೆ, ಆ ಕಡೆ ನೆಲ ಮುಟ್ಟಿದ ಗಳಿಗೆ, ಎರಡನ್ನೂ ಯಂತ್ರ ದಾಖಲಿಸುತ್ತದೆ, ಆಕೆ ತನ್ನ ಕೈಯಿಂದಲೂ ಬರೆಯುತ್ತಾಳೆ. ವರ್ಷಕ್ಕೊಮ್ಮೆ, ಜುಲೈ ಮೂವತ್ತೊಂದರೊಳಗೆ, ಯಂತ್ರ ಲೆಕ್ಕ ಹಾಕಿದ ದೂರದ ಪತ್ರಕ್ಕೆ ಆಕೆ ಸಹಿ ಹಾಕಬೇಕು. ಸಹಿ ಇಲ್ಲದೆ ಆ ಊರಿನ ದೂರಕ್ಕೆ ಬೆಲೆಯಿಲ್ಲ. ಲೆಕ್ಕ ತಪ್ಪಿದರೆ ಯಂತ್ರವನ್ನು ಜೈಲಿಗೆ ಹಾಕಲು ಬರುವುದಿಲ್ಲ, ಅದಕ್ಕೇ ಮನುಷ್ಯರೊಬ್ಬರ ಸಹಿ ಇಟ್ಟಿದ್ದಾರೆ ಎಂದು ಆಕೆ ಹೇಳುತ್ತಿದ್ದಳು.

ಕಾಯ್ದೆ ಬಂದ ಮೇಲಿನ ಮೊದಲ ಪತ್ರ ಮೇಜಿನ ಮೇಲೆ ಬಂದು ಬಿದ್ದಿತ್ತು. ಒಂದು ಖಾನೆ, ಅದರಲ್ಲಿ ಒಂದು ಅಂಕಿ: ೫೧.

ತೊಟ್ಟಿಲು ವಿಮಾನದ ಪೈಲಟ್ ಬಂದೇನವಾಜ ಕಂಟ್ರೋಲ್ ರೂಮಿಗೆ ಚಹಾ ಕುಡಿಯಲು ಬಂದಾಗ ಹುಲಿಗೆಮ್ಮ ಪತ್ರವನ್ನು ಅವನ ಮುಂದೆ ತಳ್ಳಿದಳು. ಕೂಸುಗಳನ್ನು ಒಯ್ಯುವ ಆ ವಿಮಾನಕ್ಕೆ ತೊಟ್ಟಿಲು ಎಂದು ಹೆಸರಿಟ್ಟವನೇ ಅವನು. ಹೃದಯದ ತೊಂದರೆ ಇರುವ ಕೂಸುಗಳಿಗೆ ಶಸ್ತ್ರಚಿಕಿತ್ಸೆ ಬೆಳಗಾವಿಯಲ್ಲಿ ಮಾತ್ರ ಆಗುತ್ತಿತ್ತು. ವಾರಕ್ಕೆ ಎರಡು ಮೂರು ಸಲ ಅವನು ಹಾರುತ್ತಿದ್ದ.

"ನೀ ಯಾವತ್ತಾರ ಐವತ್ತೊಂದು ನಿಮಿಷದಾಗ ಬೆಳಗಾವಿ ಮುಟ್ಟೀಯೇನೋ?"

"ಆಷಾಢದಾಗ? ಇಲ್ಲಕ್ಕ. ಎಂಬತ್ತಕ್ಕ ಒಂದು ನಿಮಿಷ ಕಡಿಮಿ ಇಲ್ಲ. ಬರೋ ಮುಂದ ಮಾತ್ರ ಐವತ್ತು. ಗಾಳಿನ ಹೊತ್ಕೊಂಡು ತಂದು ಒಗಿತೈತಿ."

ಹುಲಿಗೆಮ್ಮನಿಗೆ ಅದು ಗೊತ್ತಿದ್ದದ್ದೇ. ಮಳೆಗಾಲದ ನಾಲ್ಕು ತಿಂಗಳು ಪಡುವಣ ಗಾಳಿ ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬೀಸುತ್ತದೆ. ದೊಡ್ಡ ವಿಮಾನವಾದರೆ ಅದರ ಮೇಲಕ್ಕೆ ಏರಿ ಹಾರಬಹುದು. ದಿನ ತುಂಬದ ಕೂಸಿನ ಎದೆ ಆ ಎತ್ತರದ ತೆಳು ಗಾಳಿಯನ್ನು ತಾಳುವುದಿಲ್ಲ. ಅದಕ್ಕೇ ತೊಟ್ಟಿಲು ಕೆಳಗೇ ಹಾರಬೇಕು, ಗಾಳಿ ಅತಿ ಜೋರಾಗಿರುವುದೂ ಅಲ್ಲಿಯೇ. ನಿಂತ ಗಾಳಿಯಲ್ಲಿ ಒಂದು ತಾಸಿನ ದಾರಿ ಹೋಗುವಾಗ ಎಂಬತ್ತು ನಿಮಿಷ, ಬರುವಾಗ ಐವತ್ತು. ಕೂಸನ್ನು ಮಲಗಿಸುವ ಕಾವುಪೆಟ್ಟಿಗೆಯಲ್ಲಿ ಆಮ್ಲಜನಕ ಇರುವುದು ಎಪ್ಪತ್ತು ನಿಮಿಷಕ್ಕೆ. ಕಾಯ್ದೆಯ ಒಂದು ಗಂಟೆ, ಮೇಲೆ ಹತ್ತು ನಿಮಿಷ ಔದಾರ್ಯ. ಉಳಿದ ಹೊತ್ತು ನರ್ಸು ರಬ್ಬರಿನ ಚೀಲ ಹಿಚುಕಿ ಉಸಿರು ಕೊಡಬೇಕು. ಹೋದ ಮಳೆಗಾಲದಲ್ಲಿ ಹಾಗೆ ಉಸಿರು ಕೊಡುವಾಗಲೇ ಎರಡು ಕೂಸು ಹೋಗಿದ್ದವು.

"ಹಂಗಾದ್ರ ನಾ ಬರದ ಎಂಬತ್ತುಗಳು ಎಲ್ಲಿ ಹೋದವು?" ಎಂದು ಹುಲಿಗೆಮ್ಮ ಯಂತ್ರದ ಮುಂದೆ ಕೂತಳು.

ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಆ ವರ್ಷ ರಾಯಚೂರಿನಿಂದ ಹೊರಟ ನೂರ ನಲವತ್ತು ಹಾರಾಟಗಳೂ 'ಬದಿಗಿಟ್ಟದ್ದು' ಎಂಬ ಪಟ್ಟಿಯಲ್ಲಿದ್ದವು. ಒಂದೂ ಲೆಕ್ಕಕ್ಕೆ ಬಂದಿರಲಿಲ್ಲ. ಪ್ರತಿಯೊಂದರ ಮುಂದೆಯೂ ಒಂದೇ ಕಾರಣ ಬರೆದಿತ್ತು: ನುಡಿಗೂ ನಡೆಗೂ ತಾಳೆಯಿಲ್ಲ.

ಗಾಲಿ ಉರುಳುವಾಗ ಪೈಲಟ್ ತಾನು ಹೋಗುತ್ತಿದ್ದಾನೋ ಬರುತ್ತಿದ್ದಾನೋ ಎಂದು ಬಾಯಿಬಿಟ್ಟು ಹೇಳಬೇಕು. ಕಾನೂನಿಗೆ ಅದೇ ಹೇಳಿಕೆ. ವಿಮಾನ ಯಾವ ಕಡೆ ಹಾರಿತು ಎಂಬುದನ್ನು ಉಪಗ್ರಹ ನೋಡುತ್ತದೆ. ಎರಡೂ ಹೊಂದಿದರೆ ಲೆಕ್ಕಕ್ಕೆ, ಹೊಂದದಿದ್ದರೆ ಬದಿಗೆ. ಹುಲಿಗೆಮ್ಮ ಒಂದು ಧ್ವನಿಯನ್ನು ಹಾಕಿ ಕೇಳಿದಳು. ಬಂದೇನವಾಜನದೇ ದನಿ. "ತೊಟ್ಟಿಲು ಹೊಂಟೈತ್ರಿ, ಬರ್ತೀನ್ರಿ ಅಕ್ಕಾ." ಇನ್ನೊಂದು. "ಬರ್ತೀನ್ರಿ." ಮತ್ತೊಂದು. "ಹೋಗಿ ಬರ್ತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಎಲಾ ಇವನ," ಎಂದ ಬಂದೇನವಾಜ. "ಹೋಗೋನು ಬರ್ತೀನಿ ಅಂದ ಅಂತ ಅದಕ್ಕ ಸಿಟ್ಟು."

ಹುಲಿಗೆಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಸ್ತಿಲು ದಾಟುವಾಗ 'ಹೋಗ್ತೀನಿ' ಎಂದವರು ಅವಳ ಮನೆಯಲ್ಲಿ ಯಾರೂ ಇಲ್ಲ. ಶಾಲೆಗೆ ಹೋಗುವ ಮಗುವೂ ಬರ್ತೀನಿ ಎನ್ನುತ್ತದೆ, ಲಾರಿ ಹತ್ತುವ ಚಾಲಕನೂ ಬರ್ತೀನಿ ಎನ್ನುತ್ತಾನೆ. ಹೋಗ್ತೀನಿ ಎಂದರೆ ತಿರುಗಿ ಬರುವುದಿಲ್ಲ ಎಂದಂತೆ. ಅಂಥ ಮಾತು ಆಡಿದರೆ ತಾಯಂದಿರು ಬಾಯಿಗೆ ಕೈ ಅಡ್ಡ ಹಿಡಿದು 'ಬರ್ತೀನಿ ಅನ್ನು' ಎಂದು ತಿದ್ದುತ್ತಾರೆ. ಯಂತ್ರಕ್ಕೆ ಕನ್ನಡ ಕಲಿಸಿದವರು ಹೋಗು ಎಂದರೆ ಹೋಗು, ಬರು ಎಂದರೆ ಬರು ಎಂದು ಎರಡೇ ಮಾತು ಕಲಿಸಿ ಕೈ ತೊಳೆದುಕೊಂಡಿದ್ದರು. ಹೋಗುವ ಹಾರಾಟ ಒಂದೂ ಸಿಗದಿದ್ದಾಗ ಯಂತ್ರ ಬರುವ ಹಾರಾಟದ ಅಂಕಿಯನ್ನೇ ಆ ಕಡೆಗೂ ನಕಲು ಮಾಡಿತ್ತು. ಎರಡು ಊರಿನ ನಡುವಿನ ದೂರ ಯಾವ ಕಡೆಯಿಂದ ಅಳೆದರೂ ಒಂದೇ ತಾನೆ?

ಬೆಂಗಳೂರಿನ ಅಂತರ ಪ್ರಾಧಿಕಾರದ ಕಚೇರಿಗೆ ಫೋನ್ ಮಾಡಿದಾಗ ಚಿದಂಬರ ಎಂಬ ಅಧಿಕಾರಿ ಸಿಕ್ಕ. ಮಾತು ನಯ, ಸಾವಧಾನ. ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ಅರ್ಥ ಆಯ್ತು ಮೇಡಂ. ಆದರೆ ಹೇಳಿಕೆ ಅಂದಮೇಲೆ ಹೇಳಿಕೆ. ಹಳೇದನ್ನ ನಾವು ತಿದ್ದೋ ಹಾಗಿಲ್ಲ. ಒಂದು ದಾರಿ ಇದೆ. ಮೂವತ್ತೊಂದರೊಳಗೆ ಐದು ಹಾರಾಟ ಸರಿಯಾದ ಹೇಳಿಕೆ ಸಮೇತ ದಾಖಲಾದರೆ ಸಾಕು, ಯಂತ್ರ ಹೊಸದಾಗಿ ಲೆಕ್ಕ ಹಾಕುತ್ತೆ."

"ಖಾಲಿ ವಿಮಾನ ಹಾರಿಸಿದ್ರ ನಡೀತೈತಿ?"

"ಇಲ್ಲ. ರೋಗಿ ಇರಬೇಕು. ಪೈಲಟ್ 'ಹೋಗುತ್ತೇನೆ' ಅಂತ ಒಂದು ಮಾತು ಹೇಳಿದರೆ ಆಯ್ತಲ್ಲ ಮೇಡಂ. ಏನು ಕಷ್ಟ?"

ಹುಲಿಗೆಮ್ಮನಿಗೂ ಆ ಗಳಿಗೆಯಲ್ಲಿ ಹಾಗೇ ಅನ್ನಿಸಿತು. ಐದು ಸಲ ಒಂದು ಮಾತು. ಎಂಟು ತೊಟ್ಟಿಲು ಉಳಿಯುತ್ತವೆ.

ಮನೆಯಲ್ಲಿ ಮಗಳು ಶರಣಿ ಗೋಡೆಗೆ ಒರಗಿ ಕೂತು ಪಂಪಿನಿಂದ ಹಾಲು ತೆಗೆಯುತ್ತಿದ್ದಳು. ಎರಡು ತಾಸಿಗೊಮ್ಮೆ ತೆಗೆಯಬೇಕು. ಅಳಿಯ ಮೌನೇಶ ಅದನ್ನು ಥರ್ಮಾಸಿಗೆ ತುಂಬಿ ಸೈಕಲ್ಲಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದ. ಹತ್ತು ನಿಮಿಷದ ದಾರಿ. ಅಲ್ಲಿ ನರ್ಸು ಜ್ಞಾನಮ್ಮ ಅದನ್ನು ನಳಿಗೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದಳು.

"ಇವತ್ತು ಎಂಟು ಮಿಲಿ ಕುಡದೈತಂತ," ಎಂದ ಮೌನೇಶ, ಯಾರೋ ಪೈಲ್ವಾನನ ಊಟದ ಸುದ್ದಿ ಹೇಳುವವನಂತೆ.

"ಬೆಳಗಾವಿಗೆ ಒಯ್ದ್ರ ಹಾಲು ಹೆಂಗ ಕಳಸೋದು?" ಶರಣಿ ಕೇಳಿದಳು. "ಎರಡು ತಾಸಿಗೊಮ್ಮೆ ವಿಮಾನ ಬಿಡ್ತಾರಂತ?"

"ಒಂದೇ ಊರಂತಲ್ಲ," ಮೌನೇಶ ಹೇಳಿದ. "ಸೈಕಲ್ ಮ್ಯಾಲ ಹೋಗಿ ಕೊಟ್ಟು ಬಾ ಅಂತಾರ."

ಹುಲಿಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಲ್ಲಿಗೂ ಒಯ್ಯಂಗಿಲ್ಲ. ನೀ ಹಾಲು ತೆಗಿ."

ಮರುದಿನ ಮಾನ್ವಿ ಕಡೆಯ ಒಂದು ಕೂಸನ್ನು ಬೆಳಗಾವಿಗೆ ಒಯ್ಯಬೇಕಿತ್ತು. ತೊಟ್ಟಿಲು ಸಣ್ಣ ವಿಮಾನ. ಪೈಲಟ್‌ನ ಕುತ್ತಿಗೆಯ ಹಿಂದೆಯೇ ತಾಯಿ ಕೂಡುತ್ತಾಳೆ, ಪಕ್ಕದಲ್ಲಿ ಕಾವುಪೆಟ್ಟಿಗೆ, ಅದರಾಚೆ ನರ್ಸು ಜ್ಞಾನಮ್ಮ. ಗಾಲಿ ಉರುಳಿತು. ಬಂದೇನವಾಜ ಗಂಟಲು ಸರಿಮಾಡಿಕೊಂಡ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಕಣ್ಣು ಮುಚ್ಚಿ, "ಹೋಗ್ತೀನಿ" ಎಂದ.

ಕಂಟ್ರೋಲ್ ರೂಮಿನಲ್ಲಿ ಯಂತ್ರ ಹಸಿರು ದೀಪ ತೋರಿಸಿತು. ವಿಮಾನದೊಳಗೆ ಆ ತಾಯಿ ಬೆಲ್ಟು ಬಿಚ್ಚಿ ಎದ್ದು ನಿಂತಳು.

"ವಿಮಾನ ನಿಲ್ಸು," ಎಂದಳು.

"ಎವ್ವಾ, ಅದು ಯಂತ್ರಕ್ಕ ಹೇಳಿದ್ದು—"

"ಯಾರಿಗರ ಹೇಳು. ಹೋಗ್ತೀನಿ ಅಂದ ಬಾಯಿ ಹಿಂದ ನನ್ನ ಕೂಸು ಬರಂಗಿಲ್ಲ. ಬಾಗಿಲಾ ತಗಿ."

ಆಕೆ ಇಳಿದೇ ಬಿಟ್ಟಳು. ಬಿಸಿಲಲ್ಲಿ, ಓಡುದಾರಿಯ ಮೇಲೆ, ಕಾವುಪೆಟ್ಟಿಗೆಯ ಹಿಡಿ ಬಿಡದೆ ನಿಂತಳು. ಹುಲಿಗೆಮ್ಮ ಓಡಿ ಬಂದು ಬೇಡಿಕೊಂಡಳು. ಜ್ಞಾನಮ್ಮ ಬೈದು ನೋಡಿದಳು. ಬಂದೇನವಾಜ ಕೈಮುಗಿದ. ಕೊನೆಗೆ ಅವನು ತನ್ನ ತಾಯಿಯ ಆಣೆ ಮಾಡಿ, ಮತ್ತೆ ಮೋಟಾರು ಶುರು ಮಾಡಿ, ಮೂರು ಸಲ 'ಹೋಗಿ ಬರ್ತೀನಿ' ಎಂದ ಮೇಲೆ ಆಕೆ ಹತ್ತಿದಳು. ಅಷ್ಟು ಹೊತ್ತಿಗೆ ಮುಕ್ಕಾಲು ತಾಸು ಕಳೆದು, ಪೆಟ್ಟಿಗೆಗೆ ಹೊಸ ಆಮ್ಲಜನಕದ ಸಿಲಿಂಡರು ತರಿಸಬೇಕಾಯಿತು. ಯಂತ್ರ ಕೆಂಪು ದೀಪ ತೋರಿಸಿ ಆ ಹಾರಾಟವನ್ನು ಬದಿಗಿಟ್ಟಿತು.

ಸಂಜೆ ಬಂದೇನವಾಜ ಬೆಳಗಾವಿಯಿಂದ ಮರಳಿದ. ಕೂಸು ಬದುಕಿತ್ತು. ಅವನು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ.

"ಅಕ್ಕ, ನನ್ನ ಕೈಲಿ ಇನ್ನೊಮ್ಮಿ ಹೇಳಸಬ್ಯಾಡ. ಬಾಯಿಗೆ ಬೂದಿ ಹಾಕ್ಕೊಂಡಂಗ ಆತು."

"ನನ್ನ ತಪ್ಪು," ಎಂದಳು ಹುಲಿಗೆಮ್ಮ. "ಆಕಿ ಇಳದದ್ದು ಬರೋಬ್ಬರಿ ಐತಿ. ಕಿವುಡರ ಸಲುವಾಗಿ ನಾವು ಮಾತು ಕೆಡಿಸಿಕೊಳ್ಳಾಕ ಹೊಂಟಿದ್ವಿ."

ಮರುದಿನ ಆಕೆ ಪತ್ರದ ಕೆಳಗೆ ಸಹಿಯ ಜಾಗದಲ್ಲಿ ಒಂದು ಸಾಲು ಬರೆದು ಬೆಂಗಳೂರಿಗೆ ಕಳಿಸಿದಳು: 'ಈ ಅಂಕಿ ನಾನು ಕಂಡದ್ದಲ್ಲ. ಕಾಣದ್ದಕ್ಕೆ ಸಾಕ್ಷಿ ಹೇಳುವುದಿಲ್ಲ.'

ಪ್ರಾಧಿಕಾರದಿಂದ ನೆನಪಿನ ಪತ್ರ ಬಂತು, ಎಚ್ಚರಿಕೆಯ ಪತ್ರ ಬಂತು. ಆಕೆಯ ಬದಲು ಬೇರೆಯವರು ಸಹಿ ಹಾಕಬಹುದೇ ಎಂದು ನೋಡಿದರು. ಸಾವಿರ ಹಾರಾಟ ಕಣ್ಣಾರೆ ಕಂಡವರು ಮಾತ್ರ ಹಾಕಬಹುದು ಎಂದು ನಿಯಮ. ಅಂಥವರು ನಿಲ್ದಾಣದಲ್ಲಿ ಇನ್ನಿಬ್ಬರಿದ್ದರು. ಬಂದೇನವಾಜ ಒಲ್ಲೆ ಎಂದ. ಅಗ್ನಿಶಾಮಕ ಗಾಡಿಯ ಬಸಲಿಂಗಪ್ಪ, "ನನಗ ಬೆಂಕಿ ಆರಸೋದು ಗೊತ್ತೈತ್ರಿ, ಹಚ್ಚೋದು ಗೊತ್ತಿಲ್ಲ" ಎಂದು ಫೋನ್ ಇಟ್ಟ.

ಇಪ್ಪತ್ತೊಂಬತ್ತನೆಯ ತಾರೀಖು ಚಿದಂಬರ ತಾನೇ ಬಂದ. ಅವನಿಗೆ ಬೆಳಗಾವಿಯಲ್ಲಿ ಎರಡು ದಿನದ ಸಭೆ ಇತ್ತು. ಅಲ್ಲಿಂದ ಖಾಲಿ ಮರಳುತ್ತಿದ್ದ ತೊಟ್ಟಿಲು ವಿಮಾನದಲ್ಲಿಯೇ ಕೂತು ಬಂದ. ನಲವತ್ತರ ಮನುಷ್ಯ, ಕೈಯಲ್ಲಿ ಗಡಿಯಾರ, ಬಗಲಲ್ಲಿ ಕಡತ. ಕಂಟ್ರೋಲ್ ರೂಮಿನ ಬಾಗಿಲಲ್ಲೇ ಗಡಿಯಾರ ತೋರಿಸಿದ.

"ನಲವತ್ತೊಂಬತ್ತು ನಿಮಿಷ ಮೇಡಂ. ನಮ್ಮ ಅಂಕಿಗಿಂತ ಎರಡು ಕಡಿಮೆ."

"ನೀರು ಕುಡೀರಿ," ಎಂದಳು ಹುಲಿಗೆಮ್ಮ. "ಬಂದ ದಾರಿ ಅಳದೀರಿ. ಹೋಗೋ ದಾರಿ ಯಾರು ಅಳೀತಾರ?"

"ದಾರಿ ಒಂದೇ."

"ದಾರಿ ಒಂದೇರಿ. ಹೊಳಿ ದಾಟೋ ಮುಂದ ಹರಿವಿನ ಕೂಡ ಈಜೋದು, ಹರಿವಿಗೆ ಎದರು ಈಜೋದು ಎರಡೂ ಒಂದೇ ಅಂತೀರೇನು?"

ಚಿದಂಬರ ಕೂತ. ಕಡತ ಬಿಚ್ಚಿದ. ಅವನ ದನಿ ಸ್ವಲ್ಪ ಗಟ್ಟಿಯಾಯಿತು. "ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ. ನಿಮ್ಮ ಮೊಮ್ಮಗಳು ಆ ಘಟಕದಲ್ಲಿದ್ದಾಳೆ ಅಂತ ನಮಗೆ ವರದಿ ಬಂದಿದೆ. ಸ್ವಂತ ಲಾಭಕ್ಕೆ ಸಹಿ ತಡೆದಿದ್ದೀರಿ ಅಂತ ಮೇಲಿನವರು ಬರೆದರೆ ನಿಮ್ಮ ಕೆಲಸ ಉಳಿಯಲ್ಲ."

"ಖರೇ. ಮೂರನೇ ತೊಟ್ಟಿಲದಾಗ ಐತಿ ನನ್ನ ಮೊಮ್ಮಗಳು. ಉಳದ ಏಳು ಯಾರವು ಅಂತ ನಿಮ್ಮ ವರದಿಯಾಗ ಐತೇನ್ರಿ?"

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಬೆಳಿಗ್ಗೆ ಹುಟ್ಟಿದ ಕೂಸು ನೀಲಿಗಟ್ಟುತ್ತಿದೆ, ಹೃದಯದಲ್ಲಿ ತೊಂದರೆ, ಕೂಡಲೇ ಬೆಳಗಾವಿಗೆ ಒಯ್ಯಬೇಕು. ಬಂದೇನವಾಜ ಅರ್ಧ ಕುಡಿದ ಚಹಾ ಬಿಟ್ಟು ಎದ್ದ.

"ನಿಮ್ಮ ಸಭಿ ಇನ್ನ ಮುಗದಿಲ್ಲಲ್ರಿ?" ಎಂದು ಹುಲಿಗೆಮ್ಮ ಚಿದಂಬರನನ್ನು ಕೇಳಿದಳು. "ವಿಮಾನದಾಗ ಒಂದು ಸೀಟು ಐತಿ. ಗಡಿಯಾರ ಹೆಂಗೂ ಕೈಯಾಗೈತಿ. ಹೋಗಿ ಬರ್ರಿ. ನೀವು ಕಂಡದ್ದಕ್ಕ ನಾ ಸಹಿ ಹಾಕ್ತೀನಿ. ಅದು ಐವತ್ತೊಂದೇ ಇದ್ರ ಐವತ್ತೊಂದಕ್ಕ."

ಚಿದಂಬರ ಕಡತ ಬಗಲಿಗೆ ಸಿಕ್ಕಿಸಿಕೊಂಡು ನಡೆದ. ಅವನು ಕೆಟ್ಟವನಲ್ಲ. ಗಾಳಿ ತಾಗದ ಕೋಣೆಯಲ್ಲಿ ಹದಿನೈದು ವರ್ಷ ಕೂತಿದ್ದ, ಅಷ್ಟೇ.

ವಿಮಾನ ಎದ್ದಾಗ ಎರಡು ಗಂಟೆ ಹತ್ತು ನಿಮಿಷ. ಹುಲಿಗೆಮ್ಮ ರೇಡಿಯೋವನ್ನು ತೆರೆದೇ ಇಟ್ಟಳು. ಮೊದಲ ಅರ್ಧ ತಾಸು ಮೋಟಾರಿನ ಗುಂಯ್‌ಗುಟ್ಟುವಿಕೆ, ಗಾಳಿಯ ಹೊಡೆತಕ್ಕೆ ತಗಡು ಕಟಕಟ ಅನ್ನುವ ಸದ್ದು ಬಿಟ್ಟರೆ ಬೇರೆ ಇಲ್ಲ. ನಲವತ್ತು ನಿಮಿಷಕ್ಕೆ ಚಿದಂಬರನ ದನಿ: "ಇದೇನು ಕೆಳಗೆ?" ಬಂದೇನವಾಜನ ದನಿ: "ಹುನಗುಂದ ದಾಟೀವ್ರಿ. ಅರ್ಧ ದಾರಿ ಆತು."

ಐವತ್ತೊಂದನೆಯ ನಿಮಿಷ ಬಂತು, ಕಳೆಯಿತು. ಅರವತ್ತೆರಡನೆಯ ನಿಮಿಷಕ್ಕೆ ಚಿದಂಬರ ಕೇಳಿದ, "ಇನ್ನೂ ಎಷ್ಟು ಹೊತ್ತು?"

"ಗೋಕಾಕ ಇನ್ನೂ ಮುಂದೈತ್ರಿ ಸರ. ನಿಮ್ಮ ಪಟ್ಟಿ ಪ್ರಕಾರ ನಾವು ಇಳದು ಹನ್ನೊಂದು ನಿಮಿಷ ಆತು."

ಎಪ್ಪತ್ತನೆಯ ನಿಮಿಷಕ್ಕೆ ಸ್ವಲ್ಪ ಮೊದಲು ಕಾವುಪೆಟ್ಟಿಗೆ ಕೀಂಯ್ ಎಂದು ಕೂಗತೊಡಗಿತು. ಜ್ಞಾನಮ್ಮನ ದನಿ ಶಾಂತವಾಗಿತ್ತು. ಅವಳಿಗೆ ಇದು ಹೊಸದಲ್ಲ. "ಸರ, ನನ್ನ ಎರಡೂ ಕೈ ಕೂಸಿನ ಎದಿ ಮ್ಯಾಲ ಬೇಕು. ಈ ಚೀಲ ಹಿಡೀರಿ. ಎರಡು ಬೆರಳಲೆ ಹಿಚಕ್ರಿ. ಜೋರು ಬ್ಯಾಡ. ನಾ ಎಣಸಿದಂಗ."

"ನನಗೆ ಇದು ಗೊತ್ತಿಲ್ಲ ಸಿಸ್ಟರ್—"

"ಯಾರಿಗೂ ಗೊತ್ತಿರಂಗಿಲ್ರಿ. ಹಿಚಕು. ಬಿಡು. ಹಿಚಕು. ಬಿಡು. ಗಡಿಯಾರ ನೋಡಬ್ಯಾಡ್ರಿ, ಕೂಸಿನ ತುಟಿ ನೋಡ್ರಿ."

ಕಂಟ್ರೋಲ್ ರೂಮಿನಲ್ಲಿ ಹುಲಿಗೆಮ್ಮ ಮೇಜಿನ ಅಂಚು ಹಿಡಿದು ನಿಂತಿದ್ದಳು. ಬಸಲಿಂಗಪ್ಪ ಬಂದು ಬಾಗಿಲಲ್ಲಿ ನಿಂತ. ಹಿಚಕು, ಬಿಡು. ಹಿಚಕು, ಬಿಡು. ಮಧ್ಯೆ ಒಮ್ಮೆ ಚಿದಂಬರ, "ನೀಲಿ ಆಗ್ತಾ ಇದೆ" ಎಂದ. "ನಿಮ್ಮ ಕೈ ನಿಂತೈತಿ, ನಡಸ್ರಿ" ಎಂದಳು ಜ್ಞಾನಮ್ಮ. ಅವರ ದನಿಗಳ ಹಿಂದೆ ಆ ಕೂಸಿನ ತಾಯಿ ಏನನ್ನೋ ಗುನುಗುತ್ತಿದ್ದಳು. ಅದು ಪ್ರಾರ್ಥನೆಯೋ ಲಾಲಿಯೋ ತಿಳಿಯಲಿಲ್ಲ.

ಎಂಬತ್ತಮೂರನೆಯ ನಿಮಿಷಕ್ಕೆ ಗಾಲಿ ನೆಲ ಮುಟ್ಟಿತು. ಬಾಗಿಲು ತೆರೆದ ಸದ್ದು, ಓಡುವ ಕಾಲುಗಳ ಸದ್ದು, ಆಮೇಲೆ ಬರಿಯ ಮಳೆ.

ಎರಡು ತಾಸಿನ ಮೇಲೆ ಬೆಳಗಾವಿಯಿಂದ ಫೋನ್ ಬಂತು. ಚಿದಂಬರ.

"ಶಸ್ತ್ರಚಿಕಿತ್ಸೆ ನಡೀತಿದೆ. ಉಳಿಯಬಹುದು ಅಂತಾರೆ. ಮೇಡಂ, ನನ್ನ ಬೆರಳು ಇನ್ನೂ ಹಿಚುಕ್ತಾ ಇವೆ. ನಿಲ್ತಾ ಇಲ್ಲ."

"ನಿಲ್ತಾವ. ಬಿಸಿ ಚಹಾ ಕುಡೀರಿ. ಏನರ ತಿಂದೀರಾ?"

"ಪತ್ರ ನನ್ನ ಮುಂದೆ ಇದೆ. ಏನು ಬರೀಬೇಕು ತಿಳೀತಿಲ್ಲ. ಐವತ್ತೊಂದು ಸುಳ್ಳು, ಅದು ಸರಿ. ಎಂಬತ್ತಮೂರು ಬರೆದರೆ ನಾನು ಬಂದ ನಲವತ್ತೊಂಬತ್ತೂ ಇದೆಯಲ್ಲ, ಅದೂ ನಿಜ. ಖಾನೆ ಇರೋದು ಒಂದೇ."

ಹುಲಿಗೆಮ್ಮ ಬಸ್ ನಿಲ್ದಾಣದಲ್ಲಿದ್ದಾಗ ಒಂದು ಸೀಟಿಗೆ ಇಬ್ಬರು ಮುದುಕಿಯರು ಜಗಳಕ್ಕೆ ಬಿದ್ದರೆ ಏನು ಮಾಡುತ್ತಿದ್ದಳೋ ಅದನ್ನೇ ಹೇಳಿದಳು.

"ನಡುವ ಒಂದು ಗೆರಿ ಎಳೀರಿ."

"ಯಂತ್ರ ಒಪ್ಪಲ್ಲ."

"ಒಪ್ಪಬ್ಯಾಡಂತ ಹೇಳ್ರಿ. ಒಪ್ಪೋ ತನಕ ಐವತ್ತೊಂದು ಊರ್ಜಿತ ಇಲ್ಲ ಅಂತ ನಿಮ್ಮ ಕಾಯ್ದೆನ ಹೇಳ್ತೈತಿ. ನಾನೂ ಓದೀನಿ ಏಳನೇ ಕಲಮು. ಅದರ ಕೆಳಗ ಎಂಟನೇದೂ ಐತಿ, ಸಾಕ್ಷಿ ಸಹಿ ಇಲ್ಲದ ಅಂಕಿ ನಡಿಯಂಗಿಲ್ಲ ಅಂತ."

ಚಿದಂಬರ ಹೇಳಿದ, "ಇದರಿಂದ ನನ್ನ ಕೆಲಸಕ್ಕೂ ಕುತ್ತು ಬರಬಹುದು."

"ಬರಬಹುದು," ಎಂದಳು ಹುಲಿಗೆಮ್ಮ. ಸುಳ್ಳು ಸಮಾಧಾನ ಹೇಳುವುದು ಆಕೆಗೆ ಬರುತ್ತಿರಲಿಲ್ಲ. "ಬಂದ್ರ ಇಬ್ಬರಿಗೂ ಬರ್ತೈತಿ."

ಮೂವತ್ತನೆಯ ತಾರೀಖು ಪತ್ರ ಬಂತು. ಖಾನೆಯ ನಡುವೆ ನೀಲಿ ಶಾಯಿಯ ಗೆರೆ, ಅಳತೆಪಟ್ಟಿ ಇಟ್ಟು ಎಳೆದದ್ದು. ಎಡಕ್ಕೆ 'ಹೋಗಲು ೮೩', ಬಲಕ್ಕೆ 'ಬರಲು ೪೯'. ಕೆಳಗೆ ಚಿದಂಬರನ ಸಹಿ. ಹುಲಿಗೆಮ್ಮ ಎರಡೂ ಬದಿಗೆ ಒಂದೊಂದು ಸಹಿ ಹಾಕಿದಳು. ಯಂತ್ರ ಪತ್ರವನ್ನು ಆರು ಸಲ ಉಗುಳಿತು. ಏಳನೆಯ ಸಲಕ್ಕೆ 'ಮನುಷ್ಯರು ಪರಿಶೀಲಿಸತಕ್ಕದ್ದು' ಎಂದು ಬರೆದು ಸುಮ್ಮನಾಯಿತು.

ಆಗಸ್ಟ್ ಒಂದರಂದು ತೊಟ್ಟಿಲುಗಳನ್ನು ಒಯ್ಯಲು ಬೆಳಗಾವಿಯಿಂದ ಲಾರಿ ಬಂದೇ ಬಂತು. ಹಳೆಯ ಆದೇಶ ತಡೆಯುವವರಿಲ್ಲದೆ ಹೊರಟು ಬಿಟ್ಟಿತ್ತು. ಚಾಲಕ ಇಳಿದು ಮೈ ಮುರಿದ. ಜ್ಞಾನಮ್ಮ ಘಟಕದ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಎಂಟು ತಾಯಂದಿರು, ಶರಣಿಯೂ ಇದ್ದಳು.

"ಕೂಸಿಲ್ಲದ ತೊಟ್ಟಿಲು ಯಾವುದರ ಇದ್ರ ಒಯ್ಯಪ್ಪ," ಎಂದಳು ಜ್ಞಾನಮ್ಮ.

ಚಾಲಕ ಗಾಜಿನಾಚೆ ಇಣುಕಿದ. ಎಂಟರಲ್ಲಿಯೂ ಅಂಗೈಯಷ್ಟಗಲದ ಎದೆಗಳು ಏರಿಳಿಯುತ್ತಿದ್ದವು. ಅವನು ತಲೆ ಕೆರೆದುಕೊಂಡ. "ಐವತ್ತು ನಿಮಿಷದ ಊರು ಅಂದ್ರಿ ಅಂತ ಬುತ್ತಿ ಕಟ್ಟಿಕೊಂಡು ಬರಲಿಲ್ಲ. ಎಂಟು ತಾಸು ಆತು. ಏನಾರ ತಿನ್ನಾಕ ಐತೇನವ್ವ?" ಎಂದ. ಮೌನೇಶ ಅವನಿಗೆ ರೊಟ್ಟಿ ಪಲ್ಯ ತಂದುಕೊಟ್ಟ. ಲಾರಿ ಖಾಲಿಯೇ ಮರಳಿತು.

ಆ ವಾರದಲ್ಲಿ ಬೀದರಿನ ಪತ್ರಕ್ಕೆ ಗೆರೆ ಬಿತ್ತು. ಬಳ್ಳಾರಿಯಲ್ಲಿ ಬಿತ್ತು. ಅಲ್ಲಿಯ ಸಮಯ ಸಾಕ್ಷಿಗಳು ಹುಲಿಗೆಮ್ಮನಿಗೆ ಫೋನ್ ಮಾಡಿ, ಗೆರೆ ಅಡ್ಡ ಎಳೆಯಬೇಕೋ ಉದ್ದ ಎಳೆಯಬೇಕೋ ಎಂದು ಕೇಳಿದರು. ನಿಮ್ಮ ಊರಿನ ಗಾಳಿ ನೋಡಿಕೊಂಡು ಎಳೀರಿ ಎಂದಳು. ಕಾರವಾ‌ರದವನೊಬ್ಬ ಖಾನೆಯನ್ನು ನಾಲ್ಕು ಭಾಗ ಮಾಡಿದನಂತೆ, ಮಳೆಗಾಲಕ್ಕೆ ಎರಡು, ಬೇಸಿಗೆಗೆ ಎರಡು.

ಆಗಸ್ಟ್ ಹತ್ತರಂದು ಪ್ರಾಧಿಕಾರದಿಂದ ಹುಲಿಗೆಮ್ಮನಿಗೆ ನೋಟೀಸು ಬಂತು. ದಪ್ಪ ಕಾಗದ, ಮೂರು ಮುದ್ರೆ. ಸರ್ಕಾರಿ ದಾಖಲೆಯ ಖಾನೆಯನ್ನು ಎರಡು ಮಾಡಲು ನಿಮಗೆ ಅನುಮತಿ ಕೊಟ್ಟವರು ಯಾರು, ಏಳು ದಿನಗಳಲ್ಲಿ ಲಿಖಿತ ವಿವರಣೆ ಕೊಡದಿದ್ದರೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದರು.

ಆಕೆ ಏಳು ದಿನ ತೆಗೆದುಕೊಳ್ಳಲಿಲ್ಲ. ತೊಟ್ಟಿಲು ಬೆಳಗಾವಿಗೆ ಹೋಗಿ ಬರುವ ತನಕ ಕಾದಳು. ಬಂದೇನವಾಜ ಇಳಿದ ಮೇಲೆ ಗಡಿಯಾರ ನೋಡಿ, ನೋಟೀಸಿನ ಬೆನ್ನ ಮೇಲೆಯೇ ಉತ್ತರ ಬರೆದು ಮುದ್ರೆ ಒತ್ತಿದಳು.

'ಅನುಮತಿ ಕೇಳಿಲ್ಲ. ಮುಂದೆಯೂ ಕೇಳುವುದಿಲ್ಲ. ಇಂದಿನ ದೂರ: ಹೋಗಲು ಎಂಬತ್ತೊಂದು, ಬರಲು ಐವತ್ತು. ನಾಳೆಯದನ್ನು ನಾಳೆ ಬರೆಯುತ್ತೇನೆ.'